ಹದಿನೈದು ಗಂಟೆಯ ನೋಟ್ ಬುಕ್: ಲೈಸೆನ್ಸ್ ಸಿಕ್ಕ ಮೇಲೆ ಸರ್ವೇಯರ್ ಕಲಿಯುವುದು ಹೇಗೆ

ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಯುವ ಉದ್ದನೆಯ ನೋಟ್ ಬುಕ್ ಇರುತ್ತಲ್ಲ, ಅಂಥದ್ದೊಂದು ನನ್ನ ಸ್ಕೂಟರ್ ಡಿಕ್ಕಿಯಲ್ಲಿ ಇರುತ್ತದೆ. ಅದರಲ್ಲಿರುವುದೂ ಸಾಲದ ಲೆಕ್ಕವೇ. ವರ್ಷಕ್ಕೆ 15 ಗಂಟೆ ಕಲಿಯುತ್ತೇನೆ ಅಂತ ನನಗೆ ನಾನೇ ಬರೆದುಕೊಟ್ಟ ಸಾಲ. ಜನವರಿ 1ಕ್ಕೆ ಶುರು, ಡಿಸೆಂಬರ್ 31ಕ್ಕೆ ಚುಕ್ತಾ.

ನಾನು ಕೋಲಾರದ ಕಡೆಯ ಲೈಸೆನ್ಸ್ ಸರ್ವೇಯರ್. ಕರ್ನಾಟಕ ಭೂಕಂದಾಯ ಕಾಯ್ದೆಯ 18ಎ ಕಲಂ ಪ್ರಕಾರ ಪರವಾನಗಿ ಪಡೆದವರು ನಾವು. ಸರ್ಕಾರಿ ನೌಕರರಲ್ಲ, ತಿಂಗಳ ಸಂಬಳ ಇಲ್ಲ. ಅಳತೆ ಮಾಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. 11ಇ ಸ್ಕೆಚ್ಚು (ಜಮೀನಿನ ಒಂದು ಭಾಗ ಮಾರುವ, ಹಂಚುವ ಮೊದಲು ಬೇಕಾದ ನಕ್ಷೆ), ತತ್ಕಾಲ್ ಪೋಡಿ (ಸರ್ವೆ ನಂಬರನ್ನು ಬೇಗ ಭಾಗ ಮಾಡಿಕೊಡುವುದು), ಭೂಪರಿವರ್ತನೆ ನಕ್ಷೆ, ನಡುವೆ ಒಂದಿಷ್ಟು ಖಾಸಗಿ ಕೆಲಸ. ಲೈಸೆನ್ಸಿಗೆ ಮೊದಲು ತರಬೇತಿ, ಪರೀಕ್ಷೆ ಎಲ್ಲ ಆಯಿತು. ಆಮೇಲೆ ಹೊಸ ತಂತ್ರಾಂಶ ಬಂದಾಗ ಕರೆದು ಹೇಳಿಕೊಟ್ಟಿದ್ದಾರೆ. ಆದರೆ "ಈ ವರ್ಷ ಏನು ಕಲಿತೆಯಮ್ಮಾ?" ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ.

ಕೇಳುವ ಪದ್ಧತಿ ಇದೆ ಅಂತ ಗೊತ್ತಾಗಿದ್ದು ನನ್ನ ಚಿಕ್ಕಮ್ಮನ ಮಗನಿಂದ. ಅವನು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಇದೇ ಕೆಲಸ ಮಾಡುತ್ತಾನೆ. ಒಂದು ಡಿಸೆಂಬರಿನಲ್ಲಿ ಫೋನ್ ಮಾಡಿದರೆ, "ಅಕ್ಕಾ, ಇನ್ನೂ 4 ಗಂಟೆ ಬಾಕಿ ಇದೆ, ಮುಗಿಸಿ ಮಾತಾಡ್ತೀನಿ" ಅಂದ. ಯಾವ ಗಂಟೆ ಮಾರಾಯ ಅಂತ ಆಮೇಲೆ ಕೇಳಿದೆ. ಅಲ್ಲಿ ಪ್ರತಿ ರಾಜ್ಯಕ್ಕೂ ಒಂದು ಲೈಸೆನ್ಸ್ ಮಂಡಳಿ. ಅವನ ರಾಜ್ಯದಲ್ಲಿ ವರ್ಷಕ್ಕೆ 15 ಗಂಟೆ ಕಲಿಕೆ ಕಡ್ಡಾಯ. ಜಾಸ್ತಿ ಕಲಿತರೆ 15 ಗಂಟೆಯವರೆಗೆ ಮುಂದಿನ ವರ್ಷಕ್ಕೆ ಹೋಗುತ್ತದೆ. ನ್ಯೂಯಾರ್ಕಿನಲ್ಲಿ 3 ವರ್ಷಕ್ಕೆ 24, ಫ್ಲಾರಿಡಾದಲ್ಲಿ 2 ವರ್ಷಕ್ಕೆ 24. ಈ ಗಂಟೆಗೆ ಅಲ್ಲಿ ಪಿಡಿಎಚ್ (ವೃತ್ತಿ ಕಲಿಕೆಯ ಗಂಟೆ) ಅಂತಾರೆ. ಕಲಿಯದಿದ್ದರೆ ನವೀಕರಣಕ್ಕೆ ತೊಂದರೆ.

ನನಗೆ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಬಂತು. ಅವರಿಗೆ ಕೇಳುವವರಾದರೂ ಇದ್ದಾರೆ. ನಮಗೆ ಕೇಳುವುದು ಜಮೀನು ಮಾತ್ರ, ಅದೂ ತಪ್ಪಾದ ಮೇಲೆ. ಅದಕ್ಕೇ ಅವನ ನಿಯಮ ಕದ್ದು ನಮ್ಮ ಊರಿನ ಕೆಲಸಕ್ಕೆ ಹೊಂದಿಸಿಕೊಂಡೆ. ನಿಮಗೂ ಬೇಕಾದರೆ ಹೀಗೆ ಮಾಡಿ.

ಗಂಟೆ ಅಂದರೆ ಯಾವುದು, ಯಾವುದಲ್ಲ

ಅಲ್ಲಿಯ ಅನೇಕ ರಾಜ್ಯಗಳಲ್ಲಿ 50 ನಿಮಿಷ ಕಲಿತರೆ ಒಂದು ಗಂಟೆಯ ಲೆಕ್ಕ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ, ಮಿಕ್ಕ 10 ನಿಮಿಷ ಟೀಗೆ. ದಿನದ ಕೆಲಸ ಲೆಕ್ಕಕ್ಕಿಲ್ಲ. ಇದು ಮುಖ್ಯ. 40 ಸ್ಕೆಚ್ಚು ಮಾಡಿದೆ, ಅದೇ ಕಲಿಕೆ ಅಂತ ಬರೆಯಬಾರದು. ಗೊತ್ತಿರುವುದನ್ನೇ 40 ಸಲ ಮಾಡಿದ್ದು ಅಷ್ಟೇ. ಯೂಟ್ಯೂಬ್ ನೋಡಿದ್ದನ್ನೂ ಸುಮ್ನೆ ಬರೆಯುವ ಹಾಗಿಲ್ಲ. ನೋಡಿದ್ದನ್ನು ಒಂದು ಸಲ ಕೈಯಾರೆ ಮಾಡಿದರೆ ಆಗ ಬರೆಯಬಹುದು.

ಪುಟಕ್ಕೆ ಗೆರೆ ಹಾಕಿ ಆರು ಕಾಲಂ ಮಾಡಿ. ದಿನಾಂಕ, ನಿಮಿಷ, ವಿಷಯ, ಯಾರಿಂದ ಕಲಿತಿದ್ದು, ಪುರಾವೆ ಏನು. ಈ ಐದು ನನ್ನ ತಮ್ಮನ ಪಟ್ಟಿಯಲ್ಲೂ ಇವೆ. ಆರನೆಯದು ನನ್ನದು: "ಎಲ್ಲಿ ಕೆಲಸಕ್ಕೆ ಬಂತು". ಅದನ್ನು ಅವತ್ತು ತುಂಬಬೇಡಿ. ಖಾಲಿ ಬಿಡಿ. ಆರು ತಿಂಗಳಾದ ಮೇಲೆ ಯಾವುದೋ ಹೊಲದಲ್ಲಿ ನಿಂತಾಗ ಆ ಕಾಲಂ ತಾನೇ ತುಂಬುತ್ತದೆ. ತುಂಬದೇ ಉಳಿದ ಸಾಲುಗಳನ್ನು ನೋಡಿದರೆ ಮುಂದಿನ ವರ್ಷ ಏನು ಕಲಿಯಬಾರದು ಅಂತ ಗೊತ್ತಾಗುತ್ತದೆ. ನನ್ನದರಲ್ಲಿ ಡ್ರೋನ್ ಬಗ್ಗೆ ಕೇಳಿದ ಮೂರು ಗಂಟೆ ಇವತ್ತಿಗೂ ಖಾಲಿ ಇದೆ.

ವಿಷಯ ಎಲ್ಲಿಂದ ಹುಡುಕುವುದು? ವಾಪಸ್ ಬಂದ ಫೈಲುಗಳಿಂದ. ಜನವರಿ ಮೊದಲ ವಾರ ಹೋದ ವರ್ಷ ಆಕ್ಷೇಪಣೆ ಬಿದ್ದು ವಾಪಸಾದ ಫೈಲುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂರುತ್ತೇನೆ. ಒಂದು ವರ್ಷ 9 ಇದ್ದವು. ಅದರಲ್ಲಿ 5 ವಿಸ್ತೀರ್ಣ ತಾಳೆಯಾಗದ್ದು, 2 ಖರಾಬು (ಸಾಗುವಳಿ ಲೆಕ್ಕಕ್ಕೆ ಬಾರದ ನೆಲ) ಗೊಂದಲ, 1 ಚಕ್ಕುಬಂದಿ ತಪ್ಪು, 1 ನನ್ನ ಬರೀ ಅಜಾಗರೂಕತೆ. ಪಠ್ಯಕ್ರಮ ಅಲ್ಲೇ ಸಿದ್ಧವಾಯಿತಲ್ವಾ? ಐದು ಫೈಲು ಒಂದೇ ಕಡೆ ಎಡವಿದ್ದರೆ ಅರ್ಧಕ್ಕರ್ಧ ಗಂಟೆ ಅಲ್ಲಿಗೇ ಹೋಗಬೇಕು.

ಗಂಟೆಗಳಲ್ಲಿ ಅರ್ಧ ಹಳೆಯದಕ್ಕೆ

ಇಲ್ಲಿ ನನ್ನ ಅಭಿಪ್ರಾಯ ಹುಡುಗರಿಗೆ ಹಿಡಿಸುವುದಿಲ್ಲ. ಸರ್ವೇಯರ್ ಮುಂದಕ್ಕೆ ಕಲಿಯಬೇಕು ಅಂದರೆ ಮೊದಲು ಹಿಂದಕ್ಕೆ ಕಲಿಯಬೇಕು. 15ರಲ್ಲಿ 7 ಗಂಟೆ ನಾನು ಹಳೆ ದಾಖಲೆಗೆ ಇಡುತ್ತೇನೆ. ಕಾರಣ ಇಷ್ಟೇ. ರೋವರ್ (ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ಉಪಕರಣ) ಹೊಸದು, ಆದರೆ ಅದು ಹುಡುಕುವ ಗಡಿ ಹೊಸದಲ್ಲ. ನಮ್ಮ ಗಡಿಗಳ ಬೇರು 1860ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಬಾಂಬೆ ಪದ್ಧತಿಯ ಸರ್ವೆಯಲ್ಲಿದೆ. ಸರಪಳಿ, ಲಂಬ ಗೆರೆ ಹಿಡಿಯುವ ಕ್ರಾಸ್ ಸ್ಟಾಫು, ಕಲ್ಲು ಹಿಡಿದು ಹಾಕಿದ ಗಡಿ. ಅದನ್ನು ಓದಲು ಬಾರದವನ ಕೈಯಲ್ಲಿ ಲಕ್ಷಾಂತರ ರೂಪಾಯಿಯ ರೋವರ್ ಇದ್ದರೂ ತಪ್ಪು ಜಾಗವನ್ನೇ ಬಹಳ ಸರಿಯಾಗಿ ಅಳೆಯುತ್ತಾನೆ.

ನನಗೆ ಇದನ್ನು ಕಲಿಸಿದವರು ಒಬ್ಬ ನಿವೃತ್ತ ಸರ್ವೇಯರ್. ನಾನು ಮೇಷ್ಟ್ರೇ ಅಂತ ಕರೆಯುತ್ತೇನೆ. ಮೊದಲ ದಿನ ಒಂದು ಟಿಪ್ಪಣಿ (ಹೊಲದ ಮೂಲ ಅಳತೆ ಬರೆದ ಹಳೆ ಚಿತ್ರ) ಕೊಟ್ಟು, "ಲೆಕ್ಕ ಹಾಕಮ್ಮಾ, ವಿಸ್ತೀರ್ಣ ಎಷ್ಟು?" ಅಂದರು. ನೀವೂ ಅದನ್ನೇ ಮಾಡಿ. ಒಂದು ಸರ್ವೆ ನಂಬರಿನ ಟಿಪ್ಪಣಿ ತೆಗೆದುಕೊಳ್ಳಿ. ಟಿಪ್ಪಣಿಯ ಚಿತ್ರ ಸ್ಕೇಲಿಗೆ ಇರುವುದಿಲ್ಲ, ಕೈಗೀಟು. ನಂಬಬೇಕಾದ್ದು ಅದರ ಮೇಲಿರುವ ಅಂಕಿಯನ್ನು.

ಸರಪಳಿ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಎಷ್ಟು ಚಂದದ ಲೆಕ್ಕ ನೋಡಿ! ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರವಾಗಿ ಗುಂಟೆ ಬರುತ್ತದೆ. ಇನ್ಯಾವ ಸೂತ್ರವೂ ಬೇಡ.

ಒಂದು ನಾಲ್ಕು ಮೂಲೆಯ ಹೊಲ ಅಂದುಕೊಳ್ಳಿ. ಮೂಲೆಯಿಂದ ಮೂಲೆಗೆ ನಡುವಿನ ಗೆರೆ 12 ಸರಪಳಿ 8 ಆಣೆ. ಆ ಗೆರೆಯಿಂದ ಎಡಗಡೆ ಮೂಲೆಗೆ ಲಂಬ 5 ಸರಪಳಿ 4 ಆಣೆ, ಬಲಗಡೆಗೆ 4 ಸರಪಳಿ 12 ಆಣೆ. ಎರಡು ಲಂಬ ಕೂಡಿದರೆ ಸರಿಯಾಗಿ 10 ಸರಪಳಿ. ಹನ್ನೆರಡೂವರೆಯನ್ನು ಹತ್ತರಿಂದ ಗುಣಿಸಿ ಅರ್ಧ ಮಾಡಿ. 62 ಗುಂಟೆ 8 ಆಣೆ, ಅಂದರೆ 1 ಎಕರೆ 22 ಗುಂಟೆ 8 ಆಣೆ. ಇದನ್ನು ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ದಾಖಲೆ) ಜೊತೆ ತಾಳೆ ನೋಡಬೇಕು.

ಅವತ್ತು ನಾನು ಹೇಳಿದ ಉತ್ತರ 61 ಗುಂಟೆ. ಮೇಷ್ಟ್ರು ನಕ್ಕರು. ನಾನು ಕ್ಯಾಲ್ಕುಲೇಟರಿನಲ್ಲಿ 12.8, 5.4, 4.12 ಅಂತ ಒತ್ತಿದ್ದೆ. ಎಂಟಾಣೆ ಅಂದರೆ ಅರ್ಧ ರೂಪಾಯಿ ಅಂತ ನಮ್ಮ ಅಜ್ಜಿಗೆ ಗೊತ್ತಿತ್ತು, ಡಿಪ್ಲೊಮಾ ಓದಿದ ನನಗೆ ಹೊಳೆಯಲಿಲ್ಲ. ಒಂದೂವರೆ ಗುಂಟೆ ಆವಿಯಾಗಿತ್ತು. ಕೋಲಾರ ಹೆದ್ದಾರಿ ಪಕ್ಕದಲ್ಲಿ ಒಂದೂವರೆ ಗುಂಟೆ ಬೆಲೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಆ ಸಾಲಿನ ಆರನೇ ಕಾಲಂ ಈಗ ತುಂಬಿ ಪಕ್ಕದ ಅಂಚಿಗೂ ಹರಿದಿದೆ.

ಹೀಗೆ ತಿಂಗಳಿಗೆ ಒಂದು ಟಿಪ್ಪಣಿ ಸಾಕು. ಕೈಯಲ್ಲಿ ಲೆಕ್ಕ, ಆಮೇಲೆ ಸ್ಕೇಲಿಗೆ ಚಿತ್ರ, ಆಮೇಲೆ ಮೀಟರಿಗೆ ಬದಲಾವಣೆ. ಒಂದು ಸರಪಳಿ 10.0584 ಮೀಟರ್. ಇದನ್ನು 10 ಅಂತ ದುಂಡಗೆ ಮಾಡಬೇಡಿ. ಮೇಲಿನ 12 ಸರಪಳಿ 8 ಆಣೆ ಗೆರೆ 125.73 ಮೀಟರ್. ಹತ್ತರ ಲೆಕ್ಕ ಹಿಡಿದರೆ 73 ಸೆಂಟಿಮೀಟರ್ ಹೋಯಿತು. ಜೊತೆಗೆ ಹಿಸ್ಸಾ ಟಿಪ್ಪಣಿ (ಭಾಗವಾದ ತುಂಡುಗಳ ಅಳತೆ), ಪಕ್ಕಾ ಬುಕ್ ಅನ್ನುವ ಸರ್ವೆ ದಾಖಲೆ ಎರಡನ್ನೂ ತೆಗೆದು ಪಹಣಿಯಲ್ಲಿ ಇರುವ ವಿಸ್ತೀರ್ಣ ಎಲ್ಲಿ ದಾರಿ ತಪ್ಪಿತು ಅಂತ ಹುಡುಕಿ. ಒಂದು ನಂಬರಿನ ಜಾತಕ ಬರೆದ ಹಾಗೆ. ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೆ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಅದು ಒಳ್ಳೆಯದೇ. ಆದರೆ ಸ್ಕ್ಯಾನ್ ಆದ ಕಾಗದವನ್ನೂ ಓದುವುದು ನಮ್ಮ ಕಣ್ಣೇ.

ಗ್ರಾಮ ನಕ್ಷೆಗೂ ಒಂದು ಗಂಟೆ ಕೊಡಿ, ಯಾಕೆಂದರೆ ಇಲಾಖೆಯ ದಿಶಾಂಕ್ ಆ್ಯಪಿನಿಂದ ಅದು ಈಗ ಎಲ್ಲರ ಜೇಬಿನಲ್ಲಿದೆ. ರೈತರು ಫೋನ್ ಚಾಚಿ, "ಮೇಡಂ, ದಿಶಾಂಕ್‌ನಲ್ಲಿ ನಮ್ಮ ಗಡಿ ಅವರ ಕೊಟ್ಟಿಗೆವರೆಗೂ ಬರುತ್ತೆ ನೋಡಿ" ಅನ್ನುತ್ತಾರೆ. ಜಗಳ ಬೇಡ, ಲೆಕ್ಕ ಹೇಳಿ. ನಮ್ಮ ಕಡೆಯ ಗ್ರಾಮ ನಕ್ಷೆಯ ಅಳತೆ 1:7920. ಇಂಚಿಗೆ 660 ಅಡಿ, ಅಂದರೆ 20 ಸರಪಳಿ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ನೆಲದ ಮೇಲೆ ಹತ್ತಿರ ಹತ್ತಿರ 4 ಮೀಟರ್. ಗೆರೆಯ ದಪ್ಪದಲ್ಲೇ ಒಂದು ಕೊಟ್ಟಿಗೆ ಕೂರುತ್ತದೆ. ಸರ್ವೆ ನಂಬರ್ ಯಾವುದು ಅಂತ ತಿಳಿಯಲು ದಿಶಾಂಕ್ ಬಹಳ ಒಳ್ಳೆಯದು. ಕಲ್ಲು ನೆಡಲು ಅಲ್ಲ. ಇದನ್ನು ನಾನು ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಈಗ ನಕ್ಷೆಯ ಪ್ರತಿ ಇಟ್ಟು, ಸ್ಕೇಲ್ ಇಟ್ಟು ತೋರಿಸುತ್ತೇನೆ. ಆ ತೋರಿಸುವ ರೀತಿ ಕಲಿತದ್ದೂ ನೋಟ್ ಬುಕ್ಕಿನಲ್ಲಿ 50 ನಿಮಿಷ ಅಂತ ಇದೆ.

ಕೋಲಾರದ ಮಾವಿನ ತೋಪು ಅರಬ್ಬಿ ಸಮುದ್ರದಲ್ಲಿ

ಉಪಕರಣಕ್ಕೆ 4 ಗಂಟೆ. ಇದು ಕಡಿಮೆ ಅನ್ನಿಸಬಹುದು. ಬಟನ್ ಒತ್ತುವುದನ್ನು ಕಂಪನಿಯ ಹುಡುಗ ಅರ್ಧ ದಿನದಲ್ಲಿ ಹೇಳಿಕೊಡುತ್ತಾನೆ. ನಾವು ಕಲಿಯಬೇಕಾದ್ದು ಅವನು ಹೇಳದೇ ಬಿಟ್ಟದ್ದನ್ನು.

ನನ್ನ ಕಥೆ ಕೇಳಿ. ಶ್ರೀನಿವಾಸಪುರದ ಕಡೆ ಒಂದು ಹತ್ತು ಎಕರೆ ಮಾವಿನ ತೋಪು. ಖಾಸಗಿ ಕೆಲಸ. ರೋವರಿನಲ್ಲಿ ಅಳೆದು, ಪಾಯಿಂಟುಗಳ ಫೈಲನ್ನು ಮನೆಗೆ ತಂದು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ತೆರೆದೆ. ಸುತ್ತ ಬರೀ ನೀಲಿ. ಇಡೀ ತೋಪು ಅರಬ್ಬಿ ಸಮುದ್ರದಲ್ಲಿ ಬಿದ್ದಿತ್ತು, ಮಂಗಳೂರಿನಿಂದ ಆಚೆ 300 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತೋಪಿನವರಿಗೆ ಹೇಳಿದರೆ, "ಮುಂದಿನ ಸಲ ದೋಣಿ ತರ್ಲಾ ಮೇಡಂ?" ಅಂದರು.

ಆಗಿದ್ದು ಇಷ್ಟು. ಯುಟಿಎಂ ಅನ್ನುವ ನಕ್ಷೆ ಪದ್ಧತಿಯಲ್ಲಿ, ಜಾಗವನ್ನು ಮೀಟರಿನ ಅಂಕಿಯಲ್ಲಿ ಹೇಳಲು, ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿದ್ದಾರೆ. ಪೂರ್ವ ರೇಖಾಂಶ 72ರಿಂದ 78 ಡಿಗ್ರಿ 43ನೇ ಪಟ್ಟಿ. 78ರಿಂದ 84 ಡಿಗ್ರಿ 44ನೇ ಪಟ್ಟಿ. ಕರ್ನಾಟಕದ ಬಹುಪಾಲು 43ರಲ್ಲಿದೆ. ಅದಕ್ಕೇ ಎಲ್ಲರೂ 43 ಅಂತಲೇ ಕಲಿತಿರುತ್ತಾರೆ. ಆದರೆ ಆ 78ರ ಗೆರೆ ನಮ್ಮ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ 43ರಲ್ಲಿ. ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು 44ರಲ್ಲಿ. ಪಕ್ಕದ ಜಿಲ್ಲೆಯ ಶಿಡ್ಲಘಟ್ಟ 43, ಚಿಂತಾಮಣಿ 44. ನಾನು 44ರ ಅಂಕಿಗಳನ್ನು 43 ಅಂತ ಹೇಳಿ ತೆರೆದಿದ್ದೆ. ಹೊಲ ಆರು ಡಿಗ್ರಿ ಪಶ್ಚಿಮಕ್ಕೆ ಹಾರಿತ್ತು.

ಸಮುದ್ರಕ್ಕೆ ಬಿದ್ದರೆ ಒಳ್ಳೆಯದೇ, ಕಣ್ಣಿಗೆ ಕಾಣುತ್ತದೆ. ಕಾಣದ ತಪ್ಪು ಬೇರೆ ಇದೆ. ಪಟ್ಟಿಯ ಅಂಚಿನಲ್ಲಿ ಯುಟಿಎಂ ನೆಲವನ್ನು ಸ್ವಲ್ಪ ಹಿಗ್ಗಿಸುತ್ತದೆ. ನಾವು ಇರುವುದೇ ಅಂಚಿನಲ್ಲಿ. ಶ್ರೀನಿವಾಸಪುರದಲ್ಲಿ ಟೇಪು ಹಿಡಿದ 100 ಮೀಟರ್ ಕಂಪ್ಯೂಟರಿನ ಯುಟಿಎಂ ಲೆಕ್ಕದಲ್ಲಿ ಸುಮಾರು 6 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಹತ್ತು ಎಕರೆಗೆ ಹತ್ತಿರ ಹತ್ತಿರ ಅರ್ಧ ಗುಂಟೆ. ಹುಬ್ಬಳ್ಳಿ-ಧಾರವಾಡದವರು 43ನೇ ಪಟ್ಟಿಯ ನಡುಗೆರೆ 75 ಡಿಗ್ರಿಯ ಮೇಲೇ ಕೂತಿದ್ದಾರೆ. ಅವರಿಗೆ ಉಲ್ಟಾ, 100 ಮೀಟರಿಗೆ 4-5 ಸೆಂಟಿಮೀಟರ್ ಕಡಿಮೆ. ಅದೇ ರೋವರ್, ಅದೇ ತಂತ್ರಾಂಶ. ಅವರು ಹೇಳುವ "ನಮಗೇನೂ ವ್ಯತ್ಯಾಸ ಬರಲಿಲ್ಲ" ಅನ್ನುವ ಮಾತು ನಮಗೆ ಅನ್ವಯಿಸುವುದಿಲ್ಲ.

ಏನು ಮಾಡುವುದು? ಕ್ಯೂಜಿಐಎಸ್‌ನ ಅಳತೆ ಪಟ್ಟಿಯಲ್ಲಿ ಕಾರ್ಟೀಷಿಯನ್, ಎಲಿಪ್ಸಾಯ್ಡಲ್ ಅಂತ ಎರಡು ಆಯ್ಕೆ ಇವೆ. ಎಲಿಪ್ಸಾಯ್ಡಲ್ ಇಟ್ಟರೆ ಈ ಹಿಗ್ಗು ಹೋಗುತ್ತದೆ. ಉಳಿಯುವ ಚಿಲ್ಲರೆ ವ್ಯತ್ಯಾಸ ನಮ್ಮೂರು ಎತ್ತರದಲ್ಲಿ ಇರುವುದರಿಂದ, ಅದು ಹತ್ತು ಎಕರೆಗೆ ಗುಂಟೆಯ ಹತ್ತನೇ ಒಂದು ಭಾಗದಷ್ಟು. ಒಂದು ಸಂಜೆ ಕೂತು ಒಂದೇ ಹೊಲವನ್ನು ಎರಡೂ ರೀತಿ ಅಳೆದು ನೋಡಿ. ಒಂದು ಗಂಟೆ ಆಯಿತು ಅಂತ ಬರೆದುಕೊಳ್ಳಿ.

ಇನ್ನೊಂದು ಗಂಟೆ ಪ್ರತಿ ವರ್ಷ ಜನವರಿಯಲ್ಲಿ ಶಾಲಾ ಮೈದಾನದಲ್ಲಿ. ರಜಾ ದಿನ ಎರಡು ಮೊಳೆ ಹೊಡೆದು, ಟೇಪಿನಲ್ಲಿ ಒಂದು ಸಲ, ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಉಪಕರಣ) ಇಟ್ಟು ಒಂದು ಸಲ, ರೋವರಿನಲ್ಲಿ ಒಂದು ಸಲ ಅಳೆಯುತ್ತೇನೆ. ಮೂರೂ ಬರೆದಿಡುತ್ತೇನೆ. ಯಾವುದಾದರೂ ಮುನಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ವರ್ಷ ರೋವರ್ ಮೂರು ಸೆಂಟಿಮೀಟರ್ ಆಚೆ ಹೋಗುತ್ತಿತ್ತು. ತಪ್ಪು ಉಪಗ್ರಹದ್ದಲ್ಲ, ಕೋಲು ನೆಟ್ಟಗಿದೆಯಾ ಅಂತ ತೋರಿಸುವ ಗುಳ್ಳೆಯದ್ದು. ಎರಡು ಮೀಟರ್ ಕೋಲು ಒಂದು ಡಿಗ್ರಿ ವಾಲಿದರೆ ತುದಿಯಲ್ಲಿ ಮೂರೂವರೆ ಸೆಂಟಿಮೀಟರ್. ಎಲ್ಲಿಯೋ ಸ್ಕೂಟರಿನಿಂದ ಬಿದ್ದು ಗುಳ್ಳೆ ಸರಿದಿತ್ತು.

ಮರದ ಕೆಳಗಿನ ಅಭ್ಯಾಸವೂ ಬೇಕು, ನಮ್ಮದು ಮಾವಿನ ಸೀಮೆ. ದಟ್ಟ ಮಾವಿನ ಕೆಳಗೆ ರೋವರ್ ಫಿಕ್ಸ್ (ಜಾಗ ಖಚಿತವಾಗಿ ಸಿಕ್ಕಿತು) ಅಂತ ತೋರಿಸಿದರೂ ಕೆಲವು ಸಲ ಸುಳ್ಳು ಹೇಳುತ್ತದೆ. ಎಲೆ, ಕೊಂಬೆಗೆ ಬಡಿದು ಬಂದ ಸಂಕೇತವನ್ನೇ ನಿಜ ಅಂದುಕೊಳ್ಳುತ್ತದೆ. ಹಾಗಾಗಿ ಪಾಯಿಂಟ್ ತೆಗೆದುಕೊಂಡ ಮೇಲೆ ಕೋಲನ್ನು ಬಯಲಿಗೆ ಒಯ್ದು, ಫಿಕ್ಸ್ ಮುರಿದು, ಹೊಸದಾಗಿ ಫಿಕ್ಸ್ ಆದ ಮೇಲೆ ಅದೇ ಪಾಯಿಂಟಿಗೆ ವಾಪಸ್ ಬನ್ನಿ. ಅರ್ಧ ಗಂಟೆ ಬಿಟ್ಟು ಬಂದರೆ ಇನ್ನೂ ಒಳ್ಳೆಯದು. ಎರಡೂ ಕೂಡಿಬಂದರೆ ಇಟ್ಟುಕೊಳ್ಳಿ. ಬರದಿದ್ದರೆ ಬಯಲಲ್ಲಿ ಎರಡು ಪಾಯಿಂಟ್ ಹಾಕಿಕೊಂಡು ಟೋಟಲ್ ಸ್ಟೇಷನ್ನಿನಲ್ಲಿ ಒಳಗೆ ಹೋಗಿ. ಫ್ಲೋಟ್ (ಜಾಗ ಇನ್ನೂ ಖಚಿತವಿಲ್ಲ) ಅಂತ ತೋರಿಸುವಾಗ ತೆಗೆದ ಪಾಯಿಂಟಿನ ಮೇಲೆ ಕಲ್ಲು ನೆಡಬೇಡಿ, ಯಾರು ಎಷ್ಟೇ ಅವಸರ ಮಾಡಲಿ.

ಕಾನೂನಿಗೆ ಮೂರು, ಮಾತಿಗೆ ಒಂದು

ಕಾನೂನು ನಮ್ಮ ಕೆಲಸ ಅಲ್ಲ ಅಂತ ಕೆಲವರು ಹೇಳುತ್ತಾರೆ. ಖರಾಬು ಬಂದಾಗ ಗೊತ್ತಾಗುತ್ತದೆ ಯಾರ ಕೆಲಸ ಅಂತ. ಕರ್ನಾಟಕ ಭೂಕಂದಾಯ ನಿಯಮಗಳು 1966ರ 21(2)ನೇ ನಿಯಮ ಒಂದೇ ಪುಟ. ಆದರೂ ಅದನ್ನು ಪೂರ್ತಿ ಓದಿದವರು ಕಡಿಮೆ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ, ಬಂಡೆ, ಕಣ ಇಂಥದ್ದು. ಬಿ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ, ಊರಿಗೆ ಬೇಕಾದದ್ದು. ಬಿ ಖರಾಬು ಹೊಲದ ಹೊಟ್ಟೆಯೊಳಗೇ ಇದ್ದರೂ ಹೊಲದವರದ್ದಲ್ಲ. ಕಾಯ್ದೆಯ 67ನೇ ಕಲಮನ್ನೂ ಇದರ ಜೊತೆ ಓದಿ.

ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಲು 11ಇ ಹಾಕಿದ್ದರು. ಒಳಗೆ 4 ಗುಂಟೆ ಬಂಡಿ ದಾರಿ, ಬಿ ಖರಾಬು. ಅಣ್ಣ, "ಅದನ್ನ ಅವನ ಭಾಗಕ್ಕೆ ಸೇರಿಸಿ ಮೇಡಂ" ಅಂದ. ತಮ್ಮನೂ ಒಪ್ಪಿದ್ದ, ಅವನಿಗೆ ಗೊತ್ತಿರಲಿಲ್ಲ. ಒಪ್ಪಿಗೆ ಇದೆಯಲ್ಲ ಅಂತ ಎಳೆದುಬಿಟ್ಟಿದ್ದರೆ ತಮ್ಮ ತನ್ನದಲ್ಲದ 4 ಗುಂಟೆಗೆ ತನ್ನ ಪಾಲು ಬಿಟ್ಟುಕೊಡುತ್ತಿದ್ದ. ಹೊಲದಲ್ಲೇ ಕೂತು ಇಬ್ಬರಿಗೂ ಬಿಡಿಸಿ ಹೇಳಿದೆ. ಅಣ್ಣ ನನ್ನ ಜೊತೆ ಇವತ್ತಿಗೂ ಸರಿಯಾಗಿ ಮಾತಾಡಲ್ಲ. ಪರವಾಗಿಲ್ಲ.

ಓದುವ ರೀತಿ: ಇಲಾಖೆಯ ಸುತ್ತೋಲೆ ವಾಟ್ಸಾಪಿನಲ್ಲಿ ಬಂದ ತಕ್ಷಣ ಫಾರ್ವರ್ಡ್ ಮಾಡಬೇಡಿ. ಪ್ರಿಂಟ್ ತೆಗೆದು, ಹಳೆಯ ಸುತ್ತೋಲೆಯ ಪಕ್ಕದಲ್ಲಿ ಇಟ್ಟು, ಬದಲಾದ ಸಾಲಿಗೆ ಕೆಂಪು ಗೆರೆ ಹಾಕಿ. ಒಂದು ಗಂಟೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಬರೆಯುವವರ ಜೊತೆ ಕಳೆಯಿರಿ. ನಮ್ಮ ಸ್ಕೆಚ್ಚು ಕ್ರಯಪತ್ರದ ಚಕ್ಕುಬಂದಿಯಾಗಿ ಹೇಗೆ ಬದಲಾಗುತ್ತದೆ ಅಂತ ನೋಡಿದರೆ, ನೀವು ಇನ್ನು ಮುಂದೆ "ಉತ್ತರಕ್ಕೆ: ಉಳಿಕೆ ಜಮೀನು" ಅಂತ ಬರೆಯುವ ಮೊದಲು ಎರಡು ಸಲ ಯೋಚಿಸುತ್ತೀರಿ.

ಉಳಿದ ಒಂದು ಗಂಟೆ ನೀತಿಗೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಇಷ್ಟು ಗಂಟೆ ಅಂತ ಕಡ್ಡಾಯ ಇದೆ. ನಾನು ಇದನ್ನು ಮೇಷ್ಟ್ರ ಮನೆಯ ಜಗುಲಿಯಲ್ಲಿ ಮುಗಿಸುತ್ತೇನೆ. ಆ ವರ್ಷ ಕೈ ತಡವರಿಸಿದ ಒಂದು ಪ್ರಕರಣ ತೆಗೆದುಕೊಂಡು ಹೋಗಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುವುದು. ಪಕ್ಕದ ಹೊಲದವರು ಇಲ್ಲದಾಗ ಅಳೆಯಬಹುದಾ, ಊಟ ಹಾಕಿಸಿದವರ ಮನೆಯಲ್ಲೇ ಸ್ಕೆಚ್ಚು ಎಳೆಯಬಹುದಾ, ಇಂಥವು. ಅವರು ಒಂದು ಸಲವೂ ನೇರ ಉತ್ತರ ಕೊಟ್ಟಿಲ್ಲ. ತಾವು ಮಾಡಿದ ತಪ್ಪು ಹೇಳುತ್ತಾರೆ.

ದುಡ್ಡು ಕೊಡಬೇಕಾ?

ಹೆಚ್ಚಾಗಿ ಬೇಡ. ನಾನು ಒಂದು ಸಲ ಕೊಟ್ಟು ಕೆಟ್ಟಿದ್ದೇನೆ. ಒಂದು ಖಾಸಗಿ ಸಂಸ್ಥೆ ಎರಡು ದಿನದ ಕೋರ್ಸು ಅಂತ 6 ಸಾವಿರ ತೆಗೆದುಕೊಂಡು, ಉಪಕರಣದ ಜಾಹೀರಾತು ತೋರಿಸಿ, ಬಣ್ಣದ ಸರ್ಟಿಫಿಕೇಟ್ ಕೊಟ್ಟು ಕಳಿಸಿತು. ಅದರ ಆರನೇ ಕಾಲಂನಲ್ಲಿ "ಗೋಡೆ" ಅಂತ ಬರೆದಿದ್ದೇನೆ, ಅಲ್ಲೇ ನೇತು ಹಾಕಿದ್ದು.

ಡೆಹ್ರಾಡೂನಿನಲ್ಲಿ ಉಪಗ್ರಹ ಚಿತ್ರ, ನಕ್ಷೆಯ ವಿಷಯ ಕಲಿಸುವ ಇಸ್ರೋದ ಐಐಆರ್‌ಎಸ್ ಸಂಸ್ಥೆ ಇದೆ. ಅವರ ಆನ್‌ಲೈನ್ ಕೋರ್ಸುಗಳು ಉಚಿತ. ಹಾಜರಿ ಸರಿ ಇದ್ದರೆ ಸರ್ಟಿಫಿಕೇಟ್ ಕೂಡ ಕೊಡುತ್ತಾರೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿಯವರ ಸರ್ವೆ ಪಾಠಗಳನ್ನು ನೋಡಲು ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಇಂಗ್ಲಿಷ್ ಅಂತ ಹೆದರಬೇಡಿ. ನಾನು ವೇಗ ಮುಕ್ಕಾಲಿಗೆ ಇಳಿಸಿ, ಮುದ್ದೆ ತಿರುವುತ್ತಾ ಒಂದು ಸಲ ಸುಮ್ನೆ ಕೇಳುತ್ತೇನೆ. ಎರಡನೇ ಸಲ ಪೆನ್ನು ಹಿಡಿದು. ಬರೆಯುವುದು ಎರಡನೇ ಸಲದ ಗಂಟೆ ಮಾತ್ರ. ಭಾರತೀಯ ಸರ್ವೇಕ್ಷಣಾ ಇಲಾಖೆಯದ್ದೇ ತರಬೇತಿ ಸಂಸ್ಥೆ ಹೈದರಾಬಾದಿನಲ್ಲಿದೆ. ಅದು ಉದ್ದದ ಕೋರ್ಸು, ವಯಸ್ಸು ಚಿಕ್ಕದಿದ್ದು ಮನೆಯಲ್ಲಿ ಬಿಡುವು ಇದ್ದವರಿಗೆ.

ಡ್ರೋನ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2021ರ ಡ್ರೋನ್ ನಿಯಮದ ಪ್ರಕಾರ ಹಣಕ್ಕಾಗಿ ಸಣ್ಣ ಡ್ರೋನ್ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು, ಅದು 10 ವರ್ಷ ನಡೆಯುತ್ತದೆ. ಸ್ವಾಮಿತ್ವ ಯೋಜನೆಯಲ್ಲಿ ಊರ ಒಳಗಿನ ಮನೆಗಳನ್ನು ಡ್ರೋನಿನಲ್ಲೇ ಅಳೆದಿದ್ದಾರೆ. ಆದರೆ ಇಬ್ಬರ ನಡುವಿನ ಬದು ಯಾರದು ಅಂತ ಡ್ರೋನಿಗೆ ಕಾಣುವುದಿಲ್ಲ. ಟಿಪ್ಪಣಿ ಓದಲು ಬಂದ ಮೇಲೆ ಕಲಿಯಿರಿ.

ಕಲಿಸಿದರೆ ಡಬಲ್

ನನ್ನ ತಮ್ಮ ಹೇಳಿದ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಅಲ್ಲಿ ಒಂದು ಗಂಟೆ ಪಾಠ ಮಾಡಿದರೆ ಎರಡು ಗಂಟೆಯ ಲೆಕ್ಕ. ಆದರೆ ಅದೇ ಪಾಠ ಎರಡನೇ ಸಲ ಮಾಡಿದರೆ ಲೆಕ್ಕಕ್ಕಿಲ್ಲ. ಎಷ್ಟು ನ್ಯಾಯ ನೋಡಿ. ಮೊದಲ ಸಲ ಕಲಿಸುವಾಗ ನಾವೇ ಜಾಸ್ತಿ ಕಲಿಯುತ್ತೇವೆ.

ನನ್ನ ಜೊತೆ ಟೇಪು ಹಿಡಿಯಲು ಬರುವ ಹುಡುಗನಿಗೆ ಆಣೆಯ ಲೆಕ್ಕ ಕಲಿಸಿದೆ. ಅವನು ಎಸ್‌ಎಸ್‌ಎಲ್‌ಸಿ. ಆಣೆಯನ್ನು ಹದಿನಾರರಿಂದ ಯಾಕೆ ಭಾಗಿಸಬೇಕು ಅಂತ ಅವನಿಗೆ ಹೇಳಲು ಹೋಗಿ ನಾನೇ ಎರಡು ಸಲ ತಡವರಿಸಿದೆ. ಕೊನೆಗೆ ನೆಲದ ಮೇಲೆ 16 ಹುಣಸೆ ಬೀಜ ಸಾಲಾಗಿ ಇಟ್ಟೆ. ಎಂಟು ತೆಗೆದಾಗ, "ಓ, ಅರ್ಧ!" ಅಂದ. ಈಗ ನಾನು ಕ್ಯಾಲ್ಕುಲೇಟರ್ ಒತ್ತುವಾಗ ಅವನು ಹೆಗಲ ಮೇಲಿಂದ ಬಗ್ಗಿ ನೋಡುತ್ತಾನೆ.

ಹೊರದೇಶದಲ್ಲಿ ಲೈಸೆನ್ಸ್ ಇರುವ ನಮ್ಮವರಿಗೆ ಒಂದು ಮಾತು, ನನ್ನದಲ್ಲ, ನನ್ನ ತಮ್ಮನದ್ದು. 15 ಗಂಟೆಯನ್ನೂ ಡಿಸೆಂಬರ್ ಕೊನೆಯ ವಾರದಲ್ಲಿ ಆನ್‌ಲೈನಿನಲ್ಲಿ ಕೊಂಡುಕೊಳ್ಳಬೇಡಿ. ಸರ್ಟಿಫಿಕೇಟುಗಳನ್ನು ಈಮೇಲಿನಲ್ಲೇ ಬಿಡದೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಇಡಿ. ಮಂಡಳಿ ಆಡಿಟ್‌ಗೆ ಕೇಳಿದ ದಿನ ಹುಡುಕಿದರೆ ಸಿಗುವುದಿಲ್ಲ. ಎರಡು ರಾಜ್ಯದ ಲೈಸೆನ್ಸ್ ಇದ್ದರೆ ಎರಡರ ನಿಯಮವನ್ನೂ ಬೇರೆ ಬೇರೆ ಓದಿ. ಒಂದು ಕಡೆ ನಡೆದ ಗಂಟೆ ಇನ್ನೊಂದು ಕಡೆ ನಡೆಯುತ್ತದೆ ಅಂತ ಇಲ್ಲ. ಹೊಸದಾಗಿ ಲೈಸೆನ್ಸ್ ಸಿಕ್ಕವರಿಗೆ ಅವನ ರಾಜ್ಯದಲ್ಲಿ ಮೊದಲ ನವೀಕರಣಕ್ಕೆ ವಿನಾಯಿತಿ ಇದೆ. ಅವನು ಅದನ್ನು ಪೂರ್ತಿ ಬಳಸಿಕೊಂಡ, ಆ ವರ್ಷ ಊರಿಗೆ ಬಂದು ನಮ್ಮ ಮನೆಯಲ್ಲಿ ಒಂದು ತಿಂಗಳು ಮಾವಿನಹಣ್ಣು ತಿಂದ.

ಈ ವರ್ಷದ ನನ್ನ ಪುಟದಲ್ಲಿ 11 ಗಂಟೆ 40 ನಿಮಿಷ ಆಗಿದೆ. ಹಳೆಯದರಲ್ಲಿ ಎರಡು ಗಂಟೆ ಬಾಕಿ. ಮೇಷ್ಟ್ರು ಒಂದು ಟಿಪ್ಪಣಿ ತೆಗೆದಿಟ್ಟಿದ್ದಾರಂತೆ, ಎಂಟು ಮೂಲೆಯ ಹೊಲ, ನಡುವೆ ಬಾವಿ. "ಕ್ಯಾಲ್ಕುಲೇಟರ್ ಮನೇಲಿಟ್ಟು ಬಾಮ್ಮ" ಅಂದಿದ್ದಾರೆ. ಭಾನುವಾರ ಹೋಗಬೇಕು.